ಅಂಚಿನ ಕಾಲಾಳು

ದೇವದುರ್ಗದ ಮೇಘಾ ಚೆಸ್ ಮಣೆಯ ಮೇಲೆ ಮೊದಲ ನಡೆಗೇ ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ತಳ್ಳಿದಾಗ ಮಾನ್ವಿಯ ಕೋಚ್ ನಕ್ಕಿದ್ದ. ಮಣೆಯ ನಡುವನ್ನು ಬಿಟ್ಟು ಅಂಚು ಹಿಡಿಯುವವಳು ತನ್ನ ಶಿಷ್ಯ ಅಯಾನ್‌ಗೆ ಯಾವ ಲೆಕ್ಕ! ರಾಯಚೂರಿನ ಆ ಸಭಾಂಗಣದಲ್ಲಿ ಅದು ಕೊನೆಯ ಸುತ್ತು. ಗೆದ್ದವರಿಗೆ ರಾಜ್ಯ ಪಂದ್ಯ.

ಮೇಘಾಳಿಗೆ ಆಟ ಕಲಿಸಿದ್ದು ಅಜ್ಜಿ ಮೂಕಮ್ಮ. ಅವರ ಓಣಿಯ ದೇಸಿ ಆಟದಲ್ಲಿ ಕಾಲಾಳು ಒಮ್ಮೆಗೆ ಎರಡು ಮನೆ ಜಿಗಿಯುವಂತಿಲ್ಲ. ಹಾಗಾಗಿ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ತೆರವಾದ ಜಾಗದಲ್ಲಿ ಒಂಟೆಯನ್ನು ಮೂಲೆಯ ಬಳಿ ಕೂರಿಸಿ ಅಲ್ಲಿಂದಲೇ ಇಡೀ ಮಣೆ ಕಾಯುವುದು ಓಣಿಯವರಿಗೆಲ್ಲ ರೂಢಿ. ಪಂದ್ಯದ ನಿಯಮ ಕಲಿತ ಮೇಲೂ ಅವಳು ಆ ರೂಢಿ ಬಿಡಲಿಲ್ಲ. ಯಾಕೆ ಬಿಡಬೇಕು?

ಆಟ ಅರ್ಧಕ್ಕೆ ಬರುವಷ್ಟರಲ್ಲಿ ಆ ಒಂಟೆ ಅಯಾನ್‌ನ ಆನೆಯನ್ನು ನುಂಗಿತ್ತು. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರೆ. ಕೋಚ್ ಮಹಾಶಯ ತನ್ನ ಮೈ ಬಿಟ್ಟು ಹುಡುಗಿಯನ್ನು ಪರಚಿದ. ಇದು ಕಂಪ್ಯೂಟರ್ ಆಡುವ ಆಟ, ದೇವದುರ್ಗದ ಕೂಲಿಯವರ ಹುಡುಗಿಗೆ ಎಲ್ಲಿಂದ ಬಂತು, ಯಾರೋ ಕಿವಿಯಲ್ಲಿ ಹೇಳಿಕೊಡುತ್ತಿದ್ದಾರೆ ಎಂದು ದೂರಿದ. ಆಧಾರವೇನೆಂದು ತೀರ್ಪುಗಾರರು ಕೇಳಲೂ ಇಲ್ಲ, ಹುಡುಗಿಯನ್ನು ತಪಾಸಣೆಗೆ ಎಬ್ಬಿಸಿ ಕಳಿಸಿದರು.

ಪಕ್ಕದ ಕೋಣೆಯಲ್ಲಿ ಒಬ್ಬಾಕೆ ಮೇಘಾಳ ಹೆರಳು ಬಿಚ್ಚಿದಳು, ಕಿವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು, ಚಪ್ಪಲಿ ಬಿಚ್ಚಿಸಿ ಕೊಡವಿದಳು. ಹೇರ್‌ಪಿನ್ ಬಿಟ್ಟರೆ ಏನೂ ಸಿಗಲಿಲ್ಲ. ಅಷ್ಟೂ ಹೊತ್ತು ಮೇಜಿನ ಮೇಲೆ ಆಟದ ಗಡಿಯಾರದಲ್ಲಿ ಅವಳ ಪಾಲಿನ ಸಮಯ ಓಡುತ್ತಲೇ ಇತ್ತು. ನಿಲ್ಲಿಸಬೇಕೆಂದು ಒಬ್ಬ ದೊಡ್ಡ ಮನುಷ್ಯನಿಗೂ ತೋಚಲಿಲ್ಲ. ತೋಚಲಿಲ್ಲವೋ, ತೋಚುವುದು ಬೇಡವಾಗಿತ್ತೋ!

ಕೂದಲು ಕಟ್ಟಿಕೊಳ್ಳಲೂ ಪುರುಸೊತ್ತಿಲ್ಲದೆ ಬಂದು ಕುಳಿತಳು. ಅಳುವುದನ್ನು ಮನೆಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡು ಪಟಪಟನೆ ಕಾಯಿ ನಡೆಸಿ, ಸಮಯ ಮುಗಿಯುವ ಮುಂಚೆ ಅಯಾನ್‌ನ ರಾಜನನ್ನು ಕಟ್ಟಿಹಾಕಿದಳು.

ತೀರ್ಪುಗಾರರ ಮಾತು ಈಗ ಬೆಲ್ಲವಾಯಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ತಪಾಸಣೆ ಎಲ್ಲರಿಗೂ ಇರುವುದೇ ಎಂದು ಕೈ ಚಾಚಿದರು. ಮೇಘಾ ಕೈ ಕೊಡಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ.

"ಎಲ್ಲರಿಗೂ ಅಂದ್ರಲ್ರಿ ಸರ್. ಹಂಗಾದ್ರ ಇವನ ಬೂಟು ಯಾವಾಗ ಬಿಚ್ಚಸ್ತೀರಿ?"

ಅಯಾನ್ ಒಳ್ಳೆಯ ಹುಡುಗ. ತಲೆ ತಗ್ಗಿಸಿ ತಾನೇ ಬೂಟಿನ ಲೇಸಿಗೆ ಕೈ ಹಾಕಿದ. ಕೋಚ್ ಓಡಿಬಂದು ಅವನ ರಟ್ಟೆ ಹಿಡಿದು ತೀರ್ಪುಗಾರರ ಕಡೆ ತಿರುಗಿದ.

"ನಾಕ್ ಮಂದ್ಯಾಗ ಹಿಂಗ ಬಿಚ್ಚಿಸಿದ್ರ ಹುಡುಗನ ಮರ್ಯಾದಿ ಏನಾಗಬೇಕ್ರಿ?"

ಮೇಘಾ ಕೋಚ್‌ನ ಮುಖವನ್ನೇ ನೋಡಿದಳು.

"ಮತ್ತ ನಂದೇನ್ರಿ?"