ಸೀಳು ಹುಬ್ಬಿನ ಹೆಂಗಸು

ಟಿಕ್ ಎಂದಿತು, ಅಷ್ಟೇ. ಮೂಲೆಯಲ್ಲಿ ಮಲಗಿದ್ದ ಎಂಡ್ರೆಸ್‌ನ ಗೊರಕೆ ಕೂಡ ನಿಲ್ಲಲಿಲ್ಲ. ಆದರೆ ಕೆತ್ತುತ್ತಿದ್ದ ಅವನ ಹೆಂಡತಿ ವಾಲ್ಬುರ್ಗಾಳ ಕೈ ನಿಂತುಬಿಟ್ಟಿತು. ಪೇರ್ ಮರದ ಹಲಗೆಯಿಂದ ಹೆಬ್ಬೆರಳುಗುರಿನಷ್ಟು ಚಕ್ಕೆ ಎದ್ದು ಮಡಿಲಿಗೆ ಬಿದ್ದಿತ್ತು.

ಹಲಗೆಯ ಮೇಲೆ ಚಿತ್ರಕಾರ ಲುಟ್ಸ್ ಗುರುಗಳು ಅಚ್ಚಿಗೆಂದು ಮಸಿಯಲ್ಲಿ ಬರೆದುಕೊಟ್ಟ ಲೋಕದ ಕೊನೆಯಿತ್ತು. ನಕ್ಷತ್ರಗಳು ಉದುರುತ್ತಿದ್ದವು. ರಾಜರೂ ಬಿಷಪ್ಪರೂ ಗುಹೆಗಳಿಗೆ ನುಗ್ಗುತ್ತಿದ್ದರು. ನಡುವೆ ಮಗುವನ್ನು ಅವುಚಿಕೊಂಡ ಹೆಂಗಸೊಬ್ಬಳಿದ್ದಳು. ಹಾರಿಹೋದದ್ದು ಅವಳ ಮುಖ.

ನ್ಯೂರೆಂಬರ್ಗಿನಲ್ಲಿ ಎಂಡ್ರೆಸ್‌ನಷ್ಟು ಸಣ್ಣ ಗೆರೆ ಉಳಿಸಿ ಕೆತ್ತುವವರಿಲ್ಲ ಎಂಬ ಮಾತಿತ್ತು. ಅವನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಹಗಲು ಅವನು ನೋಡುವವರಿಗಾಗಿ ಕಿಟಕಿಯ ಬಳಿ ಚಾಕು ಹಿಡಿದು ಕೂರುತ್ತಿದ್ದ. ರಾತ್ರಿ ಕದ ಹಾಕಿಕೊಂಡು ಅವಳು ಕೆತ್ತುತ್ತಿದ್ದಳು. ಇದು ಲುಟ್ಸ್‌ಗೆ ತಿಳಿದರೆ ಉಳಿದ ಒಂಬತ್ತು ಹಲಗೆಗಳು ಬೇರೆ ಮನೆಗೆ ಹೋಗುತ್ತವೆ. ಅವರು ಬೆಳಿಗ್ಗೆಯೇ ಬರುವವರಿದ್ದರು.

ಅಳುವುದಕ್ಕೂ ತ್ರಾಣವಿರಲಿಲ್ಲ. ಚಕ್ಕೆ ಎದ್ದ ಜಾಗವನ್ನು ಚೌಕವಾಗಿ ತೋಡಿ, ಅಳತೆಗೆ ಸರಿಯಾದ ಮರದ ತುಂಡನ್ನು ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿದಳು. ಆದರೆ ಬರಿಯ ಮರದ ಮೇಲೆ ಯಾರ ಮುಖ ಕೆತ್ತುವುದು? ಉಜ್ಜಿದ ತವರದ ತಟ್ಟೆಯನ್ನು ದೀಪಕ್ಕೆ ಒರಗಿಸಿ, ಅದರಲ್ಲಿ ಕಂಡದ್ದನ್ನೇ ಕಂಡಂತೆ ಇಳಿಸಿದಳು. ಚಿಕ್ಕಂದಿನಲ್ಲಿ ಬಾವಿಕಟ್ಟೆಗೆ ಬಿದ್ದು ಸೀಳಿದ ಹುಬ್ಬೂ ಬಂತು. ಬರಲಿ, ಅಚ್ಚಿನಲ್ಲಿ ಹೇಗೂ ಎಡಬಲ ತಿರುಗುತ್ತದೆ, ಯಾರಿಗೆ ಗುರುತು ಸಿಗುತ್ತದೆ ಎಂದುಕೊಂಡಳು.

ಬೆಳಿಗ್ಗೆ ಲುಟ್ಸ್ ಹಲಗೆಗೆ ಮಸಿ ಹಚ್ಚಿ, ಕಾಗದ ಹಾಸಿ, ಉಜ್ಜಿ ಎತ್ತಿದರು.

"ಸಾವಿರದ ಐನೂರನೇ ಇಸವಿಗೆ ಲೋಕ ಮುಗಿಯತ್ತಂತೆ ಗುರುಗಳೇ. ಅಷ್ಟರಲ್ಲಿ ಉಳಿದದ್ದನ್ನೂ ಮುಗಿಸಿಕೊಡ್ತೀನಿ," ಎಂದು ಎಂಡ್ರೆಸ್ ನಕ್ಕ.

"ನಿನ್ನ ನಿಧಾನ ನೋಡಿದ್ರೆ ದೇವರೇ ಒಂದು ವರ್ಷ ಮುಂದಕ್ಕೆ ಹಾಕ್ಬೇಕಾಗತ್ತೆ, ಮಾರಾಯ," ಎಂದ ಲುಟ್ಸ್ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದರು. "ಇವಳು ಬಾಯಿ ತೆರೆದು ಕಿರುಚೋ ಹಾಗೆ ಬರೆದಿದ್ನಲ್ಲ?"

"ನೀವು ಬರೆದದ್ದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ಕಿರುಚ್ತಿಲ್ಲ ಕಣೋ. ಬೇಗ ಮುಗಿಸ್ರಪ್ಪಾ, ನಾನು ಮಲಗ್ಬೇಕು ಅನ್ನೋ ಹಾಗಿದ್ದಾಳೆ."

ವಾಲ್ಬುರ್ಗಾ ಬಗ್ಗಿ ನೋಡಿದಳು. ತಟ್ಟೆ ಒಮ್ಮೆ ತಿರುಗಿಸಿದ್ದನ್ನು ಅಚ್ಚು ಮತ್ತೆ ತಿರುಗಿಸಿ ನೆಟ್ಟಗೆ ಮಾಡಿತ್ತು. ಸೀಳು ಬಲಹುಬ್ಬಿನಲ್ಲೇ ಇತ್ತು, ಬೀದಿಯಲ್ಲಿ ಎಲ್ಲರೂ ಕಾಣುವಂತೆಯೇ. ಇಷ್ಟು ವರ್ಷ ಈ ಕೆಲಸದ ಮನೆಯಲ್ಲಿ ಬದುಕಿಯೂ ಅವಳು ಇದನ್ನು ಮರೆತಿದ್ದಳು.

ಲುಟ್ಸ್ ಕಾಗದ ನೋಡಿದರು, ಅವಳನ್ನು ನೋಡಿದರು.

"ಎಂಡ್ರೆಸ್, ಇವಳ ಹುಬ್ಬಿನ ಸೀಳು ಯಾವ ಕಡೆ ಇಟ್ಟೆ?"

"ನೀವು ಬರೆದ ಕಡೆಗೇ, ಗುರುಗಳೇ."

ಲುಟ್ಸ್ ಸೀಳನ್ನು ಬರೆದೇ ಇರಲಿಲ್ಲ. ಒಲೆಯ ಮೇಲೆ ಬಿಯರ್ ಸಾರು ಕುದಿಯುತ್ತಿತ್ತು. ಇಳಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಅವರು ಚೀಲದಿಂದ ಹೊಸ ಹಲಗೆ ತೆಗೆದರು. ಎಂಡ್ರೆಸ್ ಕೈ ಚಾಚಿದ್ದ. ಆ ಕೈಯನ್ನು ದಾಟಿ ಹಲಗೆಯನ್ನು ಅವಳ ಮುಂದಿಟ್ಟು, ಅವಳಿಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದರು.

"ಒಲೆ ಹತ್ರ ಇಡಬೇಡ ತಾಯಿ, ಬಿರುಕು ಬಿಡತ್ತೆ. ಅವಸರ ಏನಿಲ್ಲ. ಒಂದೆರಡು ರಾತ್ರಿ ನಿದ್ದೆ ಮಾಡು."

ಅವರ ಹೆಜ್ಜೆಸದ್ದು ಬೀದಿಯಲ್ಲಿ ಕರಗಿತು.

"ಸದ್ಯ, ಗೊತ್ತಾಗಲಿಲ್ಲ," ಎಂದು ಎಂಡ್ರೆಸ್ ಉಸಿರುಬಿಟ್ಟ. "ನೋಡಿದ್ಯೇನೇ? ಇವತ್ತಿಗೂ ನನ್ನ ಕೈ ಅಂದ್ರೆ ಅವರಿಗೆ ನಂಬಿಕೆ."

"ಹೂಂ," ಎಂದಳು ವಾಲ್ಬುರ್ಗಾ. ಅವನಿಗೆ ಹೇಳಬಾರದು, ಯಾರಿಗೂ ಹೇಳಬಾರದು ಎಂದುಕೊಂಡು, ಉಕ್ಕಿದ್ದ ಸಾರನ್ನು ಒರೆಸಲು ಎದ್ದಳು.