ಎಣ್ಣಿ ಅಂದರೆ ಯಾವ ಎಣ್ಣಿ?

ಹೆಸರು ಮುಚ್ಚಿ ಕೊಟ್ಟರೆ ಯಾವ ಪೇಪರು ಯಾರದೆಂದು ಗೊತ್ತಾಗುವುದಿಲ್ಲ ಎಂದು ಮೇಡಂ ನಂಬಿದ್ದರು. ಪಾಪ! ಇಪ್ಪತ್ತೆರಡು ಹುಡುಗಿಯರ ಕ್ಲಾಸು, ಮೂರು ವರ್ಷದಿಂದ ಒಂದೇ ಹಾಸ್ಟೆಲು, ಒಂದೇ ಡಬ್ಬಿಯ ಉಪ್ಪಿನಕಾಯಿ. ರಾಜೇಶ್ವರಿ ಹಾಳೆ ತಿರುವುತ್ತಲೇ ಆ ದುಂಡನೆಯ ಅಕ್ಷರ ಗುರುತಿಸಿದಳು. ರಾಮದುರ್ಗದ ಶೀತಲಳದು! ಅವಳ ಎದೆ ಢವಢವ ಹೊಡೆದುಕೊಂಡಿತು.

ಹೊಡೆದುಕೊಳ್ಳದೆ ಏನು? ಬೈಲಹೊಂಗಲದ ಆ ನರ್ಸಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರತಿಯೊಬ್ಬಳೂ ಹಳ್ಳಿಯಲ್ಲಿ ಸರ್ವೆ ಮಾಡಿ ಪೇಪರು ಬರೆಯಬೇಕು. ಒಬ್ಬಳದನ್ನು ಇನ್ನೊಬ್ಬಳು ಓದಿ ತಪ್ಪು ಒಪ್ಪು ಬರೆದುಕೊಡಬೇಕು. ಇಪ್ಪತ್ತೆರಡರಲ್ಲಿ ಒಂದು ಪೇಪರು ಮಾತ್ರ ಬೆಳಗಾವಿಗೆ ಹೋಗುತ್ತದೆ, ದೊಡ್ಡ ದೊಡ್ಡ ಡಾಕ್ಟರುಗಳ ಮುಂದೆ, ಮೈಕಿನಲ್ಲಿ. ಕೊನೆಗೆ ಕಣದಲ್ಲಿ ಉಳಿದವು ಎರಡೇ: ಶೀತಲಳದು ಮತ್ತು ರಾಜೇಶ್ವರಿಯದು. ಸಂಗೊಳ್ಳಿಯ ರೈತನ ಮಗಳು ರಾಜೇಶ್ವರಿ ಆ ಮೈಕಿನ ಆಸೆಗೆ ಆಗಲೇ ಒಂದು ಸೀರೆಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದಳು. ಈಗ ಎದುರಾಳಿಯ ಜುಟ್ಟೇ ಕೈಗೆ ಸಿಕ್ಕಿತ್ತು. ವರದಿ ಕೊಡಲು ಸೋಮವಾರ ಹತ್ತು ಗಂಟೆಯವರೆಗೆ ಸಮಯ.

ಶನಿವಾರ ಮಧ್ಯಾಹ್ನ ಕೆಂಪು ಪೆನ್ನು ಹಿಡಿದು ಕುಳಿತಳು. ಮುರಗೋಡದ ಹತ್ತಿರದ ಹಳ್ಳಿಯೊಂದರ ಅರವತ್ತು ಮನೆಗಳಲ್ಲಿ ಅಡುಗೆ ಎಣ್ಣೆಯ ಬಳಕೆ ಮತ್ತು ರಕ್ತದೊತ್ತಡ, ಇದು ವಿಷಯ. ಪೇಪರು ಇಂಗ್ಲಿಷಿನಲ್ಲಿತ್ತು. ಏನು ಇಂಗ್ಲಿಷು, ಏನು ಕೋಷ್ಟಕ! ಹುಡುಕಿದರೂ ಒಂದು ಕಾಮಾ ತಪ್ಪಿಲ್ಲ. 'ಬೇಸಿಗೆಯಲ್ಲಿ ಈ ಹಳ್ಳಿಯ ಜನ ಎಣ್ಣೆಯನ್ನೇ ಬಳಸುವುದಿಲ್ಲ, ಇದು ಅನುಕರಣೀಯ' ಎಂಬ ಸಾಲಿಗೆ ಬಂದಾಗ ಮಾತ್ರ ರಾಜೇಶ್ವರಿಯ ಪೆನ್ನು ನಿಂತಿತು. ಎಣ್ಣೆ ಇಲ್ಲದೆ ನಾಲ್ಕು ತಿಂಗಳು? ಬದನೆಕಾಯಿ ಎಣ್ಣಗಾಯಿಯನ್ನು ನೀರಿನಲ್ಲಿ ಮಾಡುತ್ತಾರೇನು?

ಪೇಪರಿನ ಹಿಂದೆ ಅರವತ್ತು ಮನೆಗಳ ಉತ್ತರಗಳನ್ನು ಹೊಲಿದಿದ್ದರು. ಅವು ಕನ್ನಡದಲ್ಲಿದ್ದವು. ಬೇರೆಯವರೆಲ್ಲ ಹೌದು, ಅಲ್ಲ ಎಂದು ಗೀಟು ಹಾಕಿ ಕೈ ತೊಳೆದುಕೊಂಡಿದ್ದರೆ, ಶೀತಲ ಮಾತ್ರ ಹೆಂಗಸರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದಳು. 'ಎಣ್ಣಿ ಎಲ್ಲಿಡತೀರಿ?' 'ದನದ ಮನ್ಯಾಗ, ಹುಡುಗೂರ ಕೈಗೆ ಸಿಗಧಂಗ.' 'ಎಷ್ಟ ಬೇಕಾಕ್ಕೈತಿ?' 'ಹುಳದ ಮ್ಯಾಲ ಐತ್ರಿ. ಹುಳ ಜಾಸ್ತಿ ಬಿದ್ರ ನಾಕ ಲೀಟರ.'

ರಾಜೇಶ್ವರಿ ಮೊದಲು ಕಣ್ಣರಳಿಸಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಯ್ಯೋ ಶಿವನೇ! ಇದು ಒಗ್ಗರಣೆಯ ಎಣ್ಣಿಯಲ್ಲ, ಹತ್ತಿಗೆ ಹೊಡೆಯುವ ಎಣ್ಣಿ, ವಿಷ! ಹೊಲದವರ ಬಾಯಲ್ಲಿ ಎರಡಕ್ಕೂ ಒಂದೇ ಶಬ್ದ. ಆಸ್ಪತ್ರೆಯ ಹುಡುಗಿ ಹತ್ತಿಯ ಹಂಗಾಮಿನಲ್ಲಿ ಬಂದು ಎಣ್ಣಿಯ ಬಗ್ಗೆ ಕೇಳಿದರೆ ಅವರು ಇನ್ನೇನು ತಿಳಿದಾರು? ರಾಮದುರ್ಗದ ಪೇಟೆಯಲ್ಲಿ ಕಿರಾಣಿ ಅಂಗಡಿಯವರ ಮಗಳಾಗಿ ಬೆಳೆದ ಶೀತಲ ಹೊಲಕ್ಕೆ ಹೋಗಿದ್ದು ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ, ಹೋಳಿಗೆ ಉಣ್ಣಲು. ಹುಳ ಎಂದರೆ ಅವಳಿಗೆ ಅಂಗಡಿಯ ಅಕ್ಕಿಯಲ್ಲಿ ಬೀಳುವ ಹುಳ.

ಮುಗಿಯಿತು! ಒಂದು ಸಾಲು ಬರೆದರೆ ಸಾಕು, ಶೀತಲಳ ಪೇಪರು ಮೂಲೆಗೆ, ತಾನು ಬೆಳಗಾವಿಗೆ. ರಾಜೇಶ್ವರಿ ಖುಷಿಯಿಂದ ಪೆನ್ನು ಊರಿದಳು. ಅಷ್ಟರಲ್ಲಿ ಕೊನೆಯ ಪ್ರಶ್ನೆ ಕಣ್ಣಿಗೆ ಬಿತ್ತು. 'ಎಣ್ಣಿ ತೀರಿದ ಮ್ಯಾಲ ಕ್ಯಾನ ಏನ ಮಾಡತೀರಿ?' 'ತೊಳದ ಕುಡ್ಯೂ ನೀರ ತುಂಬತೇವ್ರಿ.' ಮುಂದಿನ ಮನೆ: 'ನೀರ ಒಯ್ಯಾಕ ಚಲೋ ಆಕ್ಕಾವ.' ಅದರ ಮುಂದಿನ ಮನೆ: 'ನೀರಿಗಿ.' ಬೆರಳು ಮಡಚಿ ಎಣಿಸಿದಳು. ಅರವತ್ತರಲ್ಲಿ ಮೂವತ್ತೊಂದು ಮನೆ! ಶೀತಲ ಅದಕ್ಕೆ 'ಮರುಬಳಕೆ ಮೆಚ್ಚತಕ್ಕದ್ದು' ಎಂದು ಷರಾ ಬೇರೆ ಬರೆದಿದ್ದಳು.

ನಗು ನಿಂತಿತು. ವಿಷದ ಕ್ಯಾನಿನಲ್ಲಿ ಕುಡಿಯುವ ನೀರು! ಇಂಥ ವಿಷಯ ಯಾರಾದರೂ ಬೇಕೆಂದೇ ಹುಡುಕಿಕೊಂಡು ಹೋಗಿದ್ದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ತನ್ನ ಪೇಪರು ಏನು? ಶಾಲೆಯ ಮಕ್ಕಳು ಕೈ ತೊಳೆಯುತ್ತಾರೋ ಇಲ್ಲವೋ ಎಂಬುದು. ಹಾಳೆಗಳನ್ನು ಎದೆಗೆ ಒತ್ತಿಕೊಂಡು ಅವಳು ಮೆಟ್ಟಿಲು ಹಾರುತ್ತ ಶೀತಲಳ ಕೋಣೆಗೆ ಓಡಿದಳು.

ವಿಷಯ ಕೇಳಿದ್ದೇ ಶೀತಲ ಕೆಂಡವಾದಳು. "ಬೆಳಗಾವಿಗೆ ನೀನ ಹೋಗಬೇಕಂತ ನನ್ನ ಪೇಪರಿಗೆ ಕಲ್ಲ ಹಾಕಾಕ ಬಂದಿಯೇನ?"

"ಹುಚ್ಚೀ! ಕಲ್ಲ ಹಾಕೂದಿದ್ರ ಬಾಯಿ ಮುಚಗೊಂಡ ಬರದ ಕೊಡತಿದ್ದೆ. ಹಿಂಗ ತೇಕಗೋತ ಓಡಿ ಬರತಿದ್ನೇನ?"

"ಎಣ್ಣಿ ಅಂದ್ರ ಎಣ್ಣಿ. ನಮ್ಮ ಅಂಗಡ್ಯಾಗ ದಿನಾ ಮಾರತೇವಿ, ನನಗ ಗೊತ್ತಿಲ್ಲೇನ?"

"ನಿಮ್ಮ ಅಂಗಡಿ ಎಣ್ಣಿಗೆ ಹುಳ ಸಾಯತಾವೇನಲೇ? ನಾಳೆ ಬಾ, ಅವರನ್ನ ಕೇಳೂಣು."

ಭಾನುವಾರ ಮುಂಜಾನೆ ಮುರಗೋಡದ ಬಸ್ಸಿಳಿದು ಇಬ್ಬರೂ ಹಳ್ಳಿಗೆ ನಡೆದರು. ಪಟ್ಟಿಯಲ್ಲಿ ಮೊದಲ ಮನೆ ಶಟ್ಟೆವ್ವನದು. ಅರವತ್ತು ದಾಟಿದ ಶಟ್ಟೆವ್ವ ಪ್ರಶ್ನೆ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಹತ್ತಿ ಎಣ್ಣೀನ ಮತ್ತ! ಅಡಗಿ ಎಣ್ಣಿ ಕೇಳಾಕ ಯಾರರ ಬಸ್ ಹತ್ತಿ ಬರತಾರೇನವಾ ತಂಗಿ?"

ಶೀತಲಳ ಮುಖ ಸಣ್ಣದಾಯಿತು. ಆಮೇಲೆ ಅವಳಿಗೂ ನಗು ತಡೆಯಲಿಲ್ಲ. ರಾಜೇಶ್ವರಿಯ ಹೆಗಲಿಗೆ ಗುದ್ದಿ ಗುದ್ದಿ ನಕ್ಕಳು.

"ಬಿಸಲಾಗ ಬಂದೀರಿ, ನೀರ ಕುಡೀರಿ" ಎಂದು ಶಟ್ಟೆವ್ವ ನೀಲಿ ಮುಚ್ಚಳದ ಬಿಳಿ ಕ್ಯಾನು ತಂದಳು. ಹೊರಗೆ ಗೋಣಿ ಸುತ್ತಿ, ಹಗ್ಗ ಬಿಗಿದ ಕ್ಯಾನು. ಶೀತಲ ಬೇಡ ಬೇಡ ಎನ್ನುತ್ತ ಹಿಂದೆ ಸರಿದಳು. ರಾಜೇಶ್ವರಿ ಅಲುಗಾಡಲಿಲ್ಲ. ನೀಲಿ ಮುಚ್ಚಳ. ಗೋಣಿ. ಹಗ್ಗ. ಇಂಥದ್ದನ್ನೇ ನಮ್ಮ ಮನೆಯಲ್ಲಿ ನಾನು ದಿನಾ ನೋಡಿದ್ದೇನೆ, ಎತ್ತಿದ್ದೇನೆ, ಇದರ ಬಾಯಿಗೆ ಬಾಯಿಟ್ಟು ಕುಡಿದಿದ್ದೇನೆ! ಹೇಳದೆ ಕೇಳದೆ ಅವಳು ಮುರಗೋಡದ ದಾರಿ ಹಿಡಿದು ಓಡತೊಡಗಿದಳು. ಶಟ್ಟೆವ್ವನಿಗೆ ಕ್ಯಾನಿನ ವಿಷಯ ಹೇಳಿ ನೀರು ಚೆಲ್ಲಿಸುವ ಕೆಲಸ ಶೀತಲಳ ಪಾಲಿಗೆ ಬಂತು.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಸಂಗೊಳ್ಳಿಗೆ ಫೋನು ಹಚ್ಚಿದಳು. ಫೋನು ಇದ್ದದ್ದು ಪಕ್ಕದ ಬಸಲಿಂಗಪ್ಪ ಕಾಕಾನ ಮನೆಯಲ್ಲಿ. ಅವನು ಕೂಗಿ ಕರೆದ ಮೇಲೆ ಅವ್ವ ಸುಂದರವ್ವ ಬಂದಳು.

"ಅವ್ವಾ, ಹೊಲಕ್ಕ ನೀರ ಒಯ್ಯೂ ಬಿಳೆ ಕ್ಯಾನ ಎಲ್ಲೈತಿ?"

"ಈಗರ ತುಂಬಿ ನಿಮ್ಮಪ್ಪನ ಕೈಯಾಗ ಕೊಟ್ಟ ಕಳಸೇನಿ. ಯಾಕ?"

"ಅದು ಹತ್ತಿ ಎಣ್ಣಿ ಕ್ಯಾನವ್ವಾ! ಅದರಾಗಿನ ನೀರ ಕುಡೀಬಾರದು!"

"ಬೂದಿ ಹಚ್ಚಿ ತೊಳದೇನಲ್ಲ. ನಾಕ ವರ್ಷಾತು, ಯಾರಿಗೇನಾಗೇತಿ?"

"ಅಪ್ಪಗ ಹೊಲದಾಗ ತಲಿ ತಿರಗತೈತಿ, ವಾಂತಿ ಬಂಧಂಗ ಆಕ್ಕೈತಿ ಅಂತ ನೀನ ಅಂತಿದ್ಯಲ್ಲ. ಬಿಸಲಿಗೆ ಅಂತ ಮಜ್ಜಿಗಿ ಕುಡಸತಿದ್ದಿ. ಬಿಸಲಿಗೆ ಹೌದೋ ಅಲ್ಲೋ ಯಾರಿಗ್ಗೊತ್ತು?"

ರಾಜೇಶ್ವರಿ ಬೂತಿನ ಗಾಜು ಅದುರುವಂತೆ ಕೂಗಿದಳು.

"ಓಡವ್ವಾ! ಅಪ್ಪ ಮುಚ್ಚಳ ತೆಗಿಯೂದರಾಗ ಓಡು!"

ಆ ಕಡೆ ಫೋನು ಇಟ್ಟ ಸದ್ದು ಬರಲಿಲ್ಲ, ಬಳೆಗಳ ಸದ್ದು ಬಂತು. "ಸುಂದರಕ್ಕಾ, ಚಪ್ಪಲಿ ಹಾಕ್ಕೊಂಡರ ಹೋಗ!" ಎಂದು ಬಸಲಿಂಗಪ್ಪ ಕಾಕಾ ಕೂಗುವುದು ಕೇಳಿಸಿತು. ಬೂತಿನ ಮೀಟರು ಓಡುತ್ತಿತ್ತು. ರಾಜೇಶ್ವರಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಅವ್ವನ ಏದುಸಿರು ಬಂತು.

"ಚೆಲ್ಲಿ ಬಂದ್ನಿ. ಇನ್ನಾ ಕುಡದಿದ್ದಿಲ್ಲ. ನೀರ ಚೆಲ್ಲಿದ್ನಿ ಅಂತ ನಿಮ್ಮಪ್ಪ ಬೈಯಾಕ ಹತ್ಯಾನ, ಬೈಲಿ ತಗೋ!"

ರಾಜೇಶ್ವರಿ ಅಲ್ಲೇ ಬೂತಿನ ಸ್ಟೂಲಿನ ಮೇಲೆ ಕುಳಿತು ವರದಿ ಬರೆದಳು. ಇಂಗ್ಲಿಷು ನೆನಪಾಗಲಿಲ್ಲ, ಕನ್ನಡದಲ್ಲೇ ಬರೆದಳು: 'ಈ ಪೇಪರಿನಲ್ಲಿ ತಪ್ಪು ಒಂದೇ ಶಬ್ದದ್ದು. ಅದನ್ನು ತಿದ್ದಿ ಇದನ್ನೇ ಬೆಳಗಾವಿಗೆ ಕಳಿಸಬೇಕು. ಮನೆಗಳು ಅರವತ್ತಲ್ಲ, ಅರವತ್ತೊಂದು. ಅರವತ್ತೊಂದನೆಯದು ನಮ್ಮದು.' ಹೆಸರು ಬರೆಯಬಾರದು ಎಂಬ ನಿಯಮವಿದ್ದರೂ, ಕೆಳಗೆ ತನ್ನ ಹೆಸರು ಮತ್ತು ಊರು ಬರೆದು ಸಹಿ ಹಾಕಿದಳು.