ಚಕ್ರ ಯಾವ ಕಡೆ?

ಪಾಠ ಮಾಡುವ ಮೊದಲೇ ಪಾಠ ಹೇಗೆ ನಡೆಯಿತೆಂದು ಬರೆದು ಕಳಿಸುವ ಕಲೆ ಮೇಷ್ಟ್ರುಗಳಿಗಲ್ಲದೆ ಇನ್ಯಾರಿಗೆ ಬಂದೀತು ಹೇಳಿ! ಏಳನೇ ತರಗತಿಯ ಚರಿತ್ರೆ ಟೀಚರ್ ಮಾಡಿದ್ದೂ ಅದನ್ನೇ. ಡಿಜಿಟಲ್ ಗ್ರಂಥಾಲಯದವರು ತಮ್ಮಲ್ಲಿರುವ ಹಳೆಯ ಫೋಟೋಗಳನ್ನು ಬಳಸಿ ಪಾಠ ಮಾಡಿದ ಶಿಕ್ಷಕರಿಂದ ಲೇಖನ ಕೇಳಿದ್ದರು. ಆಯ್ಕೆಯಾದದ್ದು ಎಲ್ಲ ಶಾಲೆಗಳಿಗೂ ಹೋಗುವ ಕೈಪಿಡಿಯಲ್ಲಿ ಅಚ್ಚಾಗುತ್ತಿತ್ತು. ಕೊಟ್ಟ ಗಡುವು ಮುಗಿಯುತ್ತ ಬಂದರೂ ಫೋಟೋ ತೋರಿಸಬೇಕಾದ ಪಾಠದ ಸರದಿ ಬಂದಿರಲಿಲ್ಲ. ಟೀಚರ್ ಹಿಂದೆ ಮುಂದೆ ನೋಡದೆ ಹಳೇ ಹೊಲಿಗೆ ಅಂಗಡಿಯ ಫೋಟೋವೊಂದನ್ನು ಆರಿಸಿ, ಮಕ್ಕಳು ಬೆರಗಿನಿಂದ ನೋಡಿದರೆಂದು ಬರೆದೇಬಿಟ್ಟರು. ಆ ಕಾಲದ ಹೊಲಿಗೆ ಮಿಷನ್ನಿನ ಚಕ್ರ ಹೊಲಿಯುವವರ ಎಡಗಡೆ ಇರುತ್ತಿತ್ತೆಂದು ಒಂದು ಪ್ಯಾರಾವನ್ನೂ ಸೇರಿಸಿದರು. ಫೋಟೋದಲ್ಲಿ ಹಾಗೇ ಇತ್ತಲ್ಲ!

ಲೇಖನ ಆಯ್ಕೆಯಾಯಿತು. ತಾನು ಬರೆದದ್ದನ್ನು ಒಮ್ಮೆಯಾದರೂ ಅಚ್ಚಿನಲ್ಲಿ ನೋಡಬೇಕೆಂದು ಕಾಲೇಜಿನ ಕಾಲದಿಂದ ಹಂಬಲಿಸಿದ ಜೀವ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುವ ಗಂಡ ಸ್ಟಾಫ್ ರೂಮಿನಲ್ಲೆಲ್ಲ ಡಂಗುರ ಸಾರಿದರು. ಇನ್ನು ಪಾಠವೊಂದನ್ನು ಮಾಡಿ ಮುಗಿಸಿದರಾಯಿತು.

ಪರದೆಯ ಮೇಲೆ ಫೋಟೋ ಮೂಡಿತು. ಬೆರಗೂ ಇಲ್ಲ, ಗಿರಗೂ ಇಲ್ಲ. ಮಕ್ಕಳು ಆಕಳಿಸಿದರು. ಟೀಚರ್ ಎಡಗಡೆಯ ಚಕ್ರ ತೋರಿಸುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಟೀಚರ್, ಚಕ್ರ ಬಲಗಡೆ ಇರುತ್ತೆ. ನಮ್ಮಮ್ಮನ ಮಿಷನ್ನೂ ಹಾಗೇ, ಅಜ್ಜಿದೂ ಹಾಗೇ."

ಹಳೇ ಕಾಲದಲ್ಲಿ ಬೇರೆ ಇತ್ತಮ್ಮಾ ಎಂದರು ಟೀಚರ್. ಅಷ್ಟರಲ್ಲಿ ಇನ್ನೊಬ್ಬ, ಫೋಟೋದಲ್ಲಿರುವವರ ಅಂಗಿಯ ಜೇಬೂ ಅವರವರ ಬಲಗಡೆ ಇದೆ ಎಂದ. ಇಡೀ ತರಗತಿ ತನ್ನ ತನ್ನ ಎಡ ಎದೆ ತಟ್ಟಿ ನೋಡಿಕೊಂಡಿತು. ಟೀಚರಿಗೂ ಅನುಮಾನ ಬಂತು. ಕಂಪ್ಯೂಟರಿನಲ್ಲಿ ಚಿತ್ರದ ಎಡಬಲ ಅದಲುಬದಲು ಮಾಡಿದರು. ಚಕ್ರ ಹೊಲಿಯುವವರ ಬಲಕ್ಕೆ ಬಂತು, ಜೇಬುಗಳೆಲ್ಲ ಎಡ ಎದೆಗೆ ಬಂದವು. ಗ್ರಂಥಾಲಯದವರು ಫೋಟೋವನ್ನೇ ತಿರುಗುಮುರುಗಾಗಿ ಏರಿಸಿದ್ದರು!

ಅಬ್ಬಬ್ಬಾ, ಆ ಗಲಾಟೆ! ಬೆಂಚು ಹತ್ತಿದವರೆಷ್ಟೋ, ಪರದೆಗೆ ಮೂಗು ತಾಗಿಸಿದವರೆಷ್ಟೋ. ಪಕ್ಕದ ಕೋಣೆಯಿಂದ ಗದರಿಸಲು ಬಂದ ಗಣಿತದ ಮೇಷ್ಟ್ರು ತಾವೂ ಮಕ್ಕಳ ನಡುವೆ ತೂರಿಕೊಂಡು ಇನ್ನೇನು ತಪ್ಪಿದೆಯೆಂದು ಹುಡುಕತೊಡಗಿದರು. ಟೀಚರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇಂಥ ಪಾಠ ತಮ್ಮ ಜನ್ಮದಲ್ಲಿ ಆಗಿರಲಿಲ್ಲ.

ಆಮೇಲೆ ಫಕ್ಕನೆ ನೆನಪಾಯಿತು. ಲೇಖನ ಅಂದೇ ಸಂಜೆ ಅಚ್ಚಿಗೆ ಹೋಗುವುದಿತ್ತು. ಬಾಯಿ ಮುಚ್ಚಿಕೊಂಡರೆ ಹೆಸರು ಅಚ್ಚಾಗುತ್ತದೆ, ಜೊತೆಗೆ ಊರೂರಿನ ಮಕ್ಕಳು ಎಡಗಡೆಯ ಚಕ್ರವನ್ನು ಬಾಯಿಪಾಠ ಮಾಡುತ್ತಾರೆ. ಟೀಚರ್ ಫೋನಿಗೆ ಕೈ ಹಾಕಿದ್ದು ಕಂಡು, ಇನ್ನೊಂದು ಸಲ ಯೋಚನೆ ಮಾಡು, ಇಷ್ಟು ವರ್ಷ ಕಾದಿದ್ದೀಯ ಎಂದು ಗಂಡ ಮೆಲ್ಲಗೆ ಹೇಳಿದರು. ಟೀಚರ್ ಮಕ್ಕಳ ಕಡೆ ನೋಡಿ, ಕೈಪಿಡಿಯ ಸಂಪಾದಕಿಗೆ ಫೋನು ಮಾಡಿ, ಪಾಠಕ್ಕೆ ಮೊದಲೇ ಬರೆದದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದರು.

"ಹಾಗಾದ್ರೆ ಆ ಲೇಖನ ಹಾಕೋಕಾಗಲ್ಲ," ಎಂದರು ಸಂಪಾದಕಿ. ಟೀಚರ ಮುಖ ಸಣ್ಣದಾಯಿತು. "ಫೋಟೋ ನಾವು ಸರಿ ಮಾಡ್ತೀವಿ. ಇವತ್ತು ಕ್ಲಾಸಲ್ಲಿ ಏನಾಯ್ತೋ ಅದನ್ನ ಬರೆದುಕೊಡಿ. ನಾಳೆವರೆಗೂ ಜಾಗ ಇಟ್ಟಿರ್ತೀನಿ."

ಸುದ್ದಿ ಕೇಳಿದ್ದೇ ತಡ, ಮಕ್ಕಳೆಲ್ಲ ಟೀಚರ ಮೇಜಿಗೆ ಮುತ್ತಿಕೊಂಡರು. ತಮ್ಮ ಹೆಸರು ಹಾಕಿ, ಆಕಳಿಸಿದ್ದು ಮಾತ್ರ ಬಿಟ್ಟುಬಿಡಿ ಎಂದು ಗೋಗರೆದರು. ಹಿಂದಿನ ಬೆಂಚಿನ ಹುಡುಗಿ ಮಾತ್ರ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದಳು.

"ಟೀಚರ್, ನಿಮಗೆ ಗೊತ್ತಿರಲಿಲ್ಲ ಅಂತಾನೂ ಬರೀತೀರಾ?"

"ಅದನ್ನೇ ಮೊದಲು ಬರೀತೀನಿ," ಎಂದು ಟೀಚರ್ ಅವಳಿಗೆ ಪಕ್ಕದಲ್ಲೇ ಕೂರಲು ಜಾಗ ಮಾಡಿಕೊಟ್ಟರು.